ಮೆಷಿನ್ನಿನ ಕಣ್ಣಿಗೆ ಕುಂಕುಮ

ಹೆಗ್ಗನಹಳ್ಳಿ, ಬೆಂಗಳೂರು
ಭಾನುವಾರ, 12 ಅಕ್ಟೋಬರ್ 2025

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಕೋಕಿಲಾಳ ನಮಸ್ಕಾರಗಳು. ಮಂಡಿನೋವು ಹೇಗಿದೆ? ಶುಭಾ ದಿನಾ ಎಣ್ಣೆ ಕಾಯಿಸಿ ಹಚ್ಚುತ್ತಾಳೋ, ಇಲ್ಲಾ ಅಮ್ಮನ ಹತ್ತಿರ ಸಲಿಗೆ ಎಂದು ನಾಳೆ ನಾಳೆ ಅನ್ನುತ್ತಾಳೋ? ತಿಪಟೂರಿನಲ್ಲಿ ಬೆಳಗಿನ ಹೊತ್ತು ಚಳಿ ಶುರುವಾಗಿರಬೇಕು. ನಿಮ್ಮ ಶಾಲು ಇಲ್ಲೇ ಬೀರುವಿನಲ್ಲಿ ಉಳಿದುಬಿಟ್ಟಿದೆ, ಬೀರು ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮ ಮಗ ಮುದ್ದೆ ಕಟ್ಟಲು ಕಲಿತಿದ್ದಾರೆ. ತುತ್ತಿಗೊಂದು ಹಿಟ್ಟಿನ ಗಂಟು ಸಿಗುತ್ತದೆ, ಆದರೂ ಚೆನ್ನಾಗಿದೆ ಎಂದೇ ಹೇಳುತ್ತೇನೆ. ನಾನು ಹಾಗೆ ಹೇಳುವ ಪೈಕಿ ಅಲ್ಲ ಎಂದು ನಿಮಗೆ ಗೊತ್ತು. ಇವಳಿಗೇನಾಯಿತು ಎಂದುಕೊಳ್ಳುತ್ತೀರಿ. ಅದನ್ನೇ ಬರೆಯಲು ಕೂತಿದ್ದೇನೆ.

ಫೋನು ಮಾಡಬಹುದಿತ್ತು. ನಿಮಗೆ ಕೇಳುವ ಹಾಗೆ ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆ. ಶುಭಾಳ ಮೊಬೈಲಿಗೆ ಮೆಸೇಜು ಹಾಕಿದರೆ ಮೊದಲು ಅವಳು ಓದುತ್ತಾಳೆ. ನೀವು ಹೋಗಿ ನಲವತ್ತು ದಿನ ದಾಟಿತು. ಮಂಡಿಗೆ ಔಷಧಿ ಮಾಡಿಸಿಕೊಳ್ಳಲು ಮಗಳ ಮನೆಗೆ ಹೋಗಿದ್ದಾರೆ ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನೀವು ಹೋಗಿದ್ದು ಗೌರಿ ಹಬ್ಬದ ದಿನ ನಾನು ನಿಮ್ಮ ಮೇಲೆ ಕೂಗಾಡಿದ್ದಕ್ಕೆ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಆ ಮಾತಿನಿಂದಲೇ ಕಾಗದ ಶುರು ಮಾಡಿ ಎರಡು ಹಾಳೆ ಹರಿದೆ. ಮೊದಲು ಫ್ಯಾಕ್ಟರಿ ಸುದ್ದಿ ಹೇಳಿಬಿಡುತ್ತೇನೆ.

ನೀವು ಮೂವತ್ತು ವರ್ಷ ಹೊಲಿದ, ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋಗಿ ಸೇರಿಸಿದ ನಮ್ಮ ಗಾರ್ಮೆಂಟ್ಸ್ ಈಗ ನಿಮಗೆ ಗುರುತೇ ಸಿಗುವುದಿಲ್ಲ. ಕಟಿಂಗ್ ಸೆಕ್ಷನ್ನಿನಲ್ಲಿ ಹತ್ತು ಜನ ನಿಲ್ಲುತ್ತಿದ್ದ ಮೇಜು ಎತ್ತಿಸಿ, ಅಷ್ಟೇ ಉದ್ದದ ಮೆಷಿನ್ ತಂದಿಟ್ಟಿದ್ದಾರೆ. ಅದಕ್ಕೆ ನೆತ್ತಿಯ ಮೇಲೊಂದು ಗಾಜಿನ ಕಣ್ಣು. ಚೌಕಳಿ ಬಟ್ಟೆ ಹಾಸಿದರೆ ಗೆರೆಗೆ ಗೆರೆ ಕೂಡಿಸಿ ನೋಡಿಕೊಂಡು ತಾನೇ ಕತ್ತರಿಸುತ್ತದೆ. ಆ ಸೆಕ್ಷನ್ನಿಗೆ ಒಬ್ಬರು ಇನ್‌ಚಾರ್ಜ್ ಬೇಕು. ಮ್ಯಾನೇಜರ್ ಯೋಗಾನಂದ ಸಾರ್ ಹೊರಗಿನವರನ್ನು ತರದೆ, ನಮ್ಮಲ್ಲೇ ನಾಲ್ಕು ಜನ ಸೂಪರ್‌ವೈಸರ್‌ಗಳಿಗೆ ಆರು ವಾರ ತರಬೇತಿ ಕೊಡಿಸಿ, ಕೊನೆಗೆ ಒಬ್ಬರನ್ನು ಆರಿಸುತ್ತೇವೆ ಎಂದರು. ನೀವು ಹೋದ ವಾರವೇ ಇದು ಶುರುವಾಯಿತು. ಹತ್ತೊಂಬತ್ತು ವರ್ಷ ನಿಂತು ದುಡಿದಿದ್ದೇನೆ, ಆ ಕೆಲಸ ನನಗೆ ಬೇಕಿತ್ತು ಅತ್ತೆ. ಸಂಕೋಚ ಬಿಟ್ಟು ಹೇಳುತ್ತೇನೆ, ತುಂಬಾ ಬೇಕಿತ್ತು.

ಕಲಿಸಲು ಬಂದವಳು ಧನ್ಯಶ್ರೀ ಅಂತ, ಇಪ್ಪತ್ತಾರು ವರ್ಷದ ಹುಡುಗಿ. ನಾನು ಸೂಜಿ ಹಿಡಿದಾಗ ಇವಳಿಗೆ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ, ಇವಳೇನು ಕಲಿಸಿಯಾಳು ಎಂದುಕೊಂಡು ಹೋಗಿ ಕೂತೆ. ಟ್ಯಾಬ್ ನೋಡುವುದು, ಮೆಷಿನ್ ಕೊಡುವ ಸೂಚನೆ ಓದುವುದು ಎರಡೇ ದಿನದಲ್ಲಿ ಬಂತು. ಕಷ್ಟವಾಗಿದ್ದು ಬೇರೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಮೂರು ನಿಮಿಷ ಮಾತಾಡಬೇಕು, ಇನ್ನೊಬ್ಬರು ಬಾಯಿ ತೆಗೆಯದೆ ಕೇಳಬೇಕು ಎಂದಳು. ನಾನು ನಲವತ್ತನೇ ಸೆಕೆಂಡಿಗೇ ಸೋತೆ. ಮನೆಗೆ ಬಂದು ಹೇಳಿದರೆ ನಿಮ್ಮ ಮಗ, "ನಲವತ್ತು ಸೆಕೆಂಡ್ ಸುಮ್ನಿದ್ಯಾ? ಇಪ್ಪತ್ತು ವರ್ಷದಲ್ಲಿ ನಂಗೆ ಅಷ್ಟು ಸಿಕ್ಕಿಲ್ಲ ಕಣೇ" ಎಂದು ನಕ್ಕರು. ಅವತ್ತಿನ ಮುದ್ದೆಯನ್ನು ಮಾತ್ರ ನಾನು ಹೊಗಳಲಿಲ್ಲ.

ಇನ್ನೂರು ಮೆಷಿನ್ನಿನ ಸದ್ದಿನಲ್ಲಿ ಕೂಗದೆ ಕೆಲಸ ಮಾಡಿಸುವುದು ಹೇಗೆ ಎಂದು ನಾನು ವಾದ ಹೂಡಿದೆ. ಧನ್ಯಶ್ರೀ, "ನಿಮಗೆ ಕೆಲ್ಸ ಕಲಿಸ್ದೋರು ಕೂಗ್ತಿದ್ರಾ ಅಕ್ಕ?" ಎಂದು ಕೇಳಿದಳು. ನನಗೆ ನೀವು ನೆನಪಾದಿರಿ. ನೀವು ಒಂದು ದಿನವೂ ಕೂಗಿದವರಲ್ಲ. ಹತ್ತಿರ ಬಂದು ಭುಜ ಮುಟ್ಟಿ, ಎದುರಿಗೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳುತ್ತಿದ್ದಿರಿ. ಆಮೇಲೆ ನನ್ನ ತುಟಿ ನೋಡುತ್ತಾ ಕಾಯುತ್ತಿದ್ದಿರಿ. ಆಗಲೇ ನಿಮ್ಮ ಕಿವಿ ಮಂದವಾಗಿತ್ತು, ಅದಕ್ಕೇ ಹೀಗೆ ಎಂದುಕೊಂಡಿದ್ದೆ. ಅದೂ ಒಂದು ವಿದ್ಯೆ ಎಂದು ನನಗೆ ಹೊಳೆದಿರಲಿಲ್ಲ.

ಹೊಳೆದ ಮಾತ್ರಕ್ಕೆ ಬುದ್ಧಿ ಬಂತು ಎಂದುಕೊಳ್ಳಬೇಡಿ. ಆಯುಧಪೂಜೆ ಬಂತು. ಹೊಸ ಮೆಷಿನ್ನಿಗೆ ಚೆಂಡು ಹೂವಿನ ಹಾರ, ಬಾಳೆಕಂದು, ನಿಂಬೆಹಣ್ಣು ಎಲ್ಲ ಆಯಿತು. ಅರಿಶಿನ ಕುಂಕುಮದ ಬಟ್ಟಲು ನನ್ನ ಕೈಯಲ್ಲಿತ್ತು. ಇಷ್ಟು ಜನ ಬಂದು ಹಾ ಅಂತ ನೋಡುತ್ತಾರೆ, ದೃಷ್ಟಿಯಾದೀತು ಎಂದು ಸ್ಟೂಲು ಹತ್ತಿ ಅದರ ಗಾಜಿನ ಕಣ್ಣಿಗೇ ಅರಿಶಿನ ಬಳಿದು, ಮೇಲೊಂದು ದೊಡ್ಡ ಕುಂಕುಮ ಇಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದರು. ಬೂದುಗುಂಬಳ ಒಡೆದು, ಪುರಿ ಕಡಲೆ ಹಂಚಿ ರಜಕ್ಕೆ ಹೋದೆವು.

ಹಬ್ಬ ಮುಗಿದು ಶುಕ್ರವಾರ ಬೆಳಿಗ್ಗೆ ಬಂದರೆ ಮೆಷಿನ್ ಕೆಂಪು ದೀಪ ಹಾಕಿಕೊಂಡು ನಿಂತುಬಿಟ್ಟಿತು. ಅವತ್ತೇ ನನ್ನ ಪರೀಕ್ಷೆಯ ದಿನ, ಸೆಕ್ಷನ್ ನಾನು ನಡೆಸಬೇಕಿತ್ತು. ಯೋಗಾನಂದ ಸಾರ್, ಧನ್ಯಶ್ರೀ ಇಬ್ಬರೂ ಹಿಂದೆ ನಿಂತಿದ್ದರು. ಆ ಮೆಷಿನ್ ನಡೆಸುವವಳು ಸ್ಪಂದನ, ಲಗ್ಗೆರೆಯಿಂದ ಬರುವ ಹುಡುಗಿ, ಸೇರಿ ಇನ್ನೂ ವರ್ಷವಾಗಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. "ರಜಕ್ ಹೋಗೋ ಮುಂಚೆ ನೆಟ್ಟಗೆ ಆಫ್ ಮಾಡಕ್ಕಾಗಲ್ವಾ? ಏನ್ ಕಲ್ತಿದೀಯ ನೀನು?" ಎಂದು ಸೆಕ್ಷನ್ನೇ ತಿರುಗಿ ನೋಡುವ ಹಾಗೆ ಕೂಗಿದೆ. ಅವಳು ಎರಡು ಸಲ ಬಾಯಿ ತೆಗೆದಳು, ನಾನು ಎರಡು ಸಲವೂ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ. ಮಧ್ಯಾಹ್ನದವರೆಗೂ ತಂತಿ ಕಿತ್ತು ಹಾಕಿ, ಟ್ಯಾಬ್ ತಿರುವಿ, ಕಂಪನಿಗೆ ಫೋನು ಮಾಡಿ ಒದ್ದಾಡಿದೆವು.

ಊಟದ ಹೊತ್ತಿಗೆ ಸ್ಪಂದನ ನಮ್ಮ ಜೊತೆ ಕೂರಲಿಲ್ಲ. ಮೆಟ್ಟಿಲ ಮೇಲೆ ಡಬ್ಬಿ ತೆಗೆಯದೆ ಕೂತಿದ್ದಳು. ಆ ಮುಖ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಗೌರಿ ಹಬ್ಬದ ದಿನದ ನಿಮ್ಮ ಮುಖ ಅದು ಎಂದು ನೆನಪಾದಾಗ ಡಬ್ಬಿ ಮುಚ್ಚಿಟ್ಟೆ ಅತ್ತೆ. ಎದ್ದು ಹೋಗಿ ಅವಳ ಭುಜ ಮುಟ್ಟಿದೆ. ಎದುರಿಗೆ ಕೂತು, "ಏನೋ ಹೇಳಕ್ ಬಂದ್ಯಲ್ಲ, ಹೇಳಮ್ಮ" ಎಂದು ಸುಮ್ಮನೆ ಕಾದೆ. ಬಹಳ ಹೊತ್ತು ಕಾದೆ. ಕೊನೆಗೆ ಅವಳು, "ಕಣ್ಣಲ್ಲಿ ಕುಂಕುಮ ಇದೆ ಅಕ್ಕ, ಅದಕ್ಕೇನೂ ಕಾಣ್ತಿಲ್ಲ. ಬೆಳಿಗ್ಗೆನೇ ಗೊತ್ತಾಯ್ತು. ಆದ್ರೆ ಪೂಜೆ ಮಾಡಿ ಇಟ್ಟ ಕುಂಕುಮ, ಅದೂ ನೀವಿಟ್ಟಿದ್ದು. ಹೆಣ್ಮಗಳು ನಾನು ಹೆಂಗ್ ಒರೆಸ್ಲಿ?" ಎಂದಳು.

ಅರ್ಧ ದಿನ ನಿಂತ ಕೆಲಸಕ್ಕೆ ಮದ್ದು ಆ ಹುಡುಗಿಯ ಬಾಯಲ್ಲಿತ್ತು, ನಾನು ಬಾಯಿ ತೆಗೆಯಲು ಬಿಟ್ಟಿರಲಿಲ್ಲ. ಸ್ಟೂಲು ಹತ್ತಿ ಮೆತ್ತನೆ ಬಟ್ಟೆಯಿಂದ ನಾನೇ ಒರೆಸಿದೆ. ದೇವರಿಗೆ ಬೇಜಾರಾಗದಿರಲಿ ಎಂದು ಕುಂಕುಮವನ್ನು ಮೆಷಿನ್ನಿನ ಕಬ್ಬಿಣದ ಕಾಲಿಗೆ ಹಚ್ಚಿದೆ. ಹಸಿರು ದೀಪ ಹತ್ತಿತು. ಅವಳನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದರೆ ಸಾಕು ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಕೂಗಿದ್ದು ಎಲ್ಲರೆದುರಿಗೆ, ಹಾಗಾಗಿ ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ನಿಂತು, "ತಪ್ಪು ಸ್ಪಂದನಂದಲ್ಲ, ನಂದು. ಮೆಷಿನ್ ಕಣ್ಣು ಮುಚ್ಚಿದ್ದು ನಾನು, ಇವಳ ಬಾಯಿ ಮುಚ್ಚಿಸಿದ್ದೂ ನಾನೇ" ಎಂದೆ. ಮ್ಯಾನೇಜರ್ ಏನನ್ನೋ ಬರೆದುಕೊಂಡರು. ಇನ್‌ಚಾರ್ಜ್ ಕೆಲಸ ಕೈತಪ್ಪಿತು ಎಂದುಕೊಂಡು ಮನೆಗೆ ಬಂದು ಗಂಟು ಮುದ್ದೆ ತಿಂದು ಮಲಗಿದೆ.

ಅದಾಗಿ ಒಂದು ವಾರ ಕಳೆದು, ನಿನ್ನೆ ಶನಿವಾರ ಕರೆಸಿದರು. ಯೋಗಾನಂದ ಸಾರ್, "ನಿಮ್ ಗಂಟ್ಲು ಇನ್ನೂ ಅಷ್ಟೇನೂ ತಗ್ಗಿಲ್ಲಮ್ಮ. ಆದ್ರೆ ಈ ವಾರ ಏನೇ ಕೆಟ್ರೂ ಹುಡುಗೀರು ಮುಚ್ಚಿಡ್ತಾ ಇಲ್ಲ, ನಿಮ್ ಹತ್ರ ಬಂದು ಹೇಳ್ತಿದಾರೆ. ಬೇರೆ ಮೂರು ಜನರ ಹತ್ರ ಹಂಗಾಗಿಲ್ಲ" ಎಂದರು. ಒಂದನೇ ತಾರೀಖಿನಿಂದ ನಾನೇ ಕಟಿಂಗ್ ಸೆಕ್ಷನ್ ಇನ್‌ಚಾರ್ಜ್ ಅತ್ತೆ. ಮೊದಲು ನಿಮಗೇ ಹೇಳಬೇಕೆಂದು ಓಡಿ ಬಂದೆ. ಬಾಗಿಲು ತೆಗೆದು, "ಅತ್ತೆ" ಎಂದು ಜೋರಾಗಿ ಕೂಗಿಯೂಬಿಟ್ಟೆ. ನಿಮ್ಮ ಮಗ ಒಳಗಿನಿಂದ ಬಂದು ನನ್ನ ಮುಖ ನೋಡಿ ನೀರು ತಂದುಕೊಟ್ಟರು.

ಶುಭಾಳಿಗೂ ಅವಳ ಮನೆಯವರಿಗೂ ನನ್ನ ನೆನಪು ತಿಳಿಸಿ. ಎಣ್ಣೆ ಹಚ್ಚಿಸಿಕೊಳ್ಳುವುದು ತಪ್ಪಿಸಬೇಡಿ, ತಣ್ಣೀರಲ್ಲಿ ಕಾಲಿಡಬೇಡಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ಇಂತಿ ನಿಮ್ಮ ಜೋರು ಬಾಯಿಯ ಸೊಸೆ,
ಕೋಕಿಲಾ

ಮರೆತಿದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡಿದ್ದು: ಗೌರಿ ಹಬ್ಬದ ದಿನ ಹಾಲು ಉಕ್ಕಿದ್ದಕ್ಕೆ, ಕುಂಕುಮಕ್ಕೆ ಬಂದಿದ್ದ ಮೂವರ ಮುಂದೆ, "ಕಿವಿ ಕೇಳಲ್ಲ ಅಂದ್ಮೇಲೆ ಒಲೆ ಹತ್ರ ಯಾಕ್ ನಿಲ್ತೀರ" ಅಂದೆ. ಹೇಗೂ ನಿಮಗೆ ಕೇಳಿಸಿಲ್ಲ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಆದರೆ ನೀವು ಆಗ ನನ್ನ ತುಟಿ ನೋಡುತ್ತಿದ್ದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನೀವೇ ಹೇಳುತ್ತಿದ್ದಿರಿ, ಅದನ್ನು ವಾಪಸ್ಸು ತರಲು ನನ್ನಿಂದಾಗದು. ಬರುವ ಭಾನುವಾರ ನೀರು ತುಂಬುವ ಹಬ್ಬ. ಶನಿವಾರ ನಿಮ್ಮ ಮಗ ಅಲ್ಲಿಗೆ ಬರುತ್ತಾರೆ, ದಯವಿಟ್ಟು ಜೊತೆಯಲ್ಲಿ ಹೊರಟು ಬನ್ನಿ. ಅವತ್ತು ಬಂದಿದ್ದ ಆ ಮೂವರನ್ನೂ ಸಂಜೆಗೆ ಕರೆದಿದ್ದೇನೆ. ಅವರ ಮುಂದೆಯೇ ನಿಮ್ಮ ಭುಜ ಮುಟ್ಟಿ, ಎದುರಿಗೆ ನಿಂತು, ಮೆಲ್ಲಗೆ ಒಂದು ಮಾತು ಹೇಳಬೇಕು. ಕೂಗುವುದಿಲ್ಲ. ನೀವು ನನ್ನ ತುಟಿ ನೋಡಿದರೆ ಸಾಕು.