ಆರುನೂರ ಹನ್ನೆರಡನೆಯ ದಿನದ ನಾಡಿ

ಗದಗ,
ಮುಚ್ಚುಹೊತ್ತಿನ ಎಪ್ಪತ್ತನಾಲ್ಕನೆಯ ವರ್ಷ, ಎರಡನೆಯ ಬೇಸಿಗೆಯ ಹದಿಮೂರನೆಯ ದಿನ.
ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ಎರಡು ಸಾವಿರದ ನೂರ ಎಂಬತ್ತೇಳು.

ಶಶಿಕಲಾ ಆಯಿಗೆ ನೀಲಗಂಗಾಳ ನಮಸ್ಕಾರ.

ಆರು ತಲೆಮಾರು ಹಿಂದಿನವರು ನೀವು. ಆ ಲೆಕ್ಕದಲ್ಲಿ ಅಜ್ಜಿಯೇ, ಆಯಿ ಎನ್ನಲೇಬೇಕು. ಆದರೆ ಡಾಕ್ಟರಾಗಲೆಂದು ಓದುತ್ತ ನೀವು ಬರೆದಿಟ್ಟು, ನಮ್ಮ ಮನೆಯಲ್ಲಿ ಉಳಿದುಬಂದ ಈ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ವಯಸ್ಸು ಮೂವತ್ತೆಂಟು ಎಂದು ಬರೆದಿದ್ದೀರಿ; ನನಗೀಗ ನಲವತ್ತಮೂರು. ನನಗಿಂತ ಐದು ವರ್ಷ ಚಿಕ್ಕವಳಾದ ಆಯಿಗೆ ಪತ್ರ ಬರೆಯುವುದು ವಿಚಿತ್ರವೇ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಎಷ್ಟೋ ಮಾತುಗಳು ನನಗೂ ಹಾಗೆಯೇ ಇದ್ದವು. 'ಕೋಚಿಂಗ್' ಎಂದರೆ ಏನೆಂದು ತಿಳಿಯಲು ನಾನು ಎರಡು ದಿನ ಅವರಿವರನ್ನು ಕೇಳಿಕೊಂಡು ತಿರುಗಿದ್ದೇನೆ.

ಮುಚ್ಚುಹೊತ್ತು ಎಂದರೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗಿನ ಹೊತ್ತು. ಬಿಸಿಲಿಗೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದು ದೀಪಾವಳಿಗೆ ಮುಂಚೆ ಬಂದು ಹಬ್ಬ ಮುಗಿದರೂ ಹೋಗದು, ಬಂದ ನೆಂಟರ ಹಾಗೆ. ನಾನು ಕಪ್ಪತಗುಡ್ಡದ ಗಾಳಿಕಂಬಗಳ ರಿಪೇರಿ ಮಾಡುವವಳು. ಬೆಳಿಗ್ಗೆ ಬೇಗ ಹೋಗಿ ನಟ್ಟು ಬಿಗಿದು, ಎಣ್ಣೆ ಬಿಟ್ಟು, ಮುಚ್ಚುಹೊತ್ತಿಗೆ ಮುಂಚೆ ಮನೆ ಸೇರುತ್ತೇನೆ. ಆಮೇಲಿನ ಐದು ಗಂಟೆ ನನ್ನ ಓದಿನ ಹೊತ್ತು. ಮಗಳು ಕಲ್ಲವ್ವನೂ ಆಗಲೇ ಶಾಲೆಯಿಂದ ಬಂದಿರುತ್ತಾಳೆ. ಅವಳಿಗೆ ಹನ್ನೆರಡು. ಗಂಡ ಕಾರವಾರದಲ್ಲಿ ಕಡಲಗೋಡೆ ಕಟ್ಟುವ ಕೆಲಸದಲ್ಲಿದ್ದಾನೆ, ಆರು ತಿಂಗಳಿಗೊಮ್ಮೆ ಬರುತ್ತಾನೆ. ಒಂದೇ ಕೋಣೆ, ಒಂದೇ ಫ್ಯಾನು. ನಾನು ಪಿತ್ತಕೋಶದ ಪಾಠ ಓದುವಾಗ ಅವಳಿಗೆ ಜಡೆ ಹಾಕಬೇಕು, ಅವಳ ಲೆಕ್ಕ ನೋಡುವಾಗ ನನ್ನ ಪಾಠ ಮರೆಯುತ್ತದೆ. ನಿಮ್ಮ ಪುಸ್ತಕದಲ್ಲಿ ಹೃದಯದ ಚಿತ್ರಕ್ಕೆ ಯಾರೋ ಬಣ್ಣದ ಕಡ್ಡಿಯಲ್ಲಿ ಮೀಸೆ ಬರೆದು, ಕೆಳಗೆ ಎರಡು ಕಾಲು ಇಟ್ಟಿದ್ದಾರಲ್ಲ, ಅದನ್ನು ನೋಡಿದಾಗ ನಿಮ್ಮ ಮನೆಯೂ ನಮ್ಮದರ ಹಾಗೆಯೇ ಇತ್ತೆಂದು ತಿಳಿಯಿತು. ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತು ಬಂದು ನೀವು ಅದನ್ನು ಬರೆದಿರಿ. ಮಗು ಅದಕ್ಕೆ ಮೀಸೆ ಬರೆಯಿತು. ನೀವು ಅಳಿಸಲಿಲ್ಲ.

ನಾನೂ ಡಾಕ್ಟರಾಗಲು ಹೊರಟವಳು, ನಮ್ಮ ಕಾಲದಲ್ಲಿ ಅದರ ದಾರಿ ಹೇಳುತ್ತೇನೆ. ಮೊದಲು ಮೂರು ವರ್ಷ ಮುನ್ನೋದು, ಅಂದರೆ ವೈದ್ಯಕೀಯಕ್ಕೆ ಮುಂಚಿನ ಓದು. ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಮಿತಿ ಹಾಕುವವರು ನೆರೆಹೊರೆಯವರು. ಪಕ್ಕದ ಮನೆಯ ಗುರವ್ವ ಒಳ್ಳೆಯ ಹೆಂಗಸು, ನನ್ನ ಮಗಳಿಗೆ ಎಷ್ಟೋ ದಿನ ಊಟ ಹಾಕಿದ್ದಾಳೆ. ಆದರೂ ನಾನು ಪುಸ್ತಕ ಹಿಡಿದುಕೊಂಡು ಹೊರಟರೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅನ್ನದೆ ಇರಲಾರಳು. ತರಗತಿಯಲ್ಲಿ ಉಳಿದವರಿಗೆಲ್ಲ ಇಪ್ಪತ್ತರ ಆಸುಪಾಸು. ಒಂದು ಸಲ ಓದಿದ್ದು ಅವರ ತಲೆಯಲ್ಲಿ ಕೂರುತ್ತದೆ. ನನ್ನ ತಲೆಯಲ್ಲಿ ಅದು ಬಂದು, ಹಾಲು ತರಬೇಕು, ಮಗಳ ಚಪ್ಪಲಿ ಕಿತ್ತಿದೆ ಎಂಬ ಮಾತುಗಳ ನಡುವೆ ಜಾಗ ಸಿಗದೆ ವಾಪಸು ಹೋಗುತ್ತದೆ. ದಣಿವಾಗಿದೆ, ಆಯಿ. ಅದನ್ನು ಇಲ್ಲಿ ಯಾರಿಗೂ ಹೇಳುವ ಹಾಗಿಲ್ಲ, ನಿನಗೆ ಯಾರು ಹೇಳಿದ್ದರು ಎನ್ನುತ್ತಾರೆ.

ಮುನ್ನೋದಿನ ಜೊತೆಗೆ ನಾಡಿಪುಸ್ತಕ ಎಂಬುದೊಂದಿದೆ. ನಮ್ಮ ಎಲ್ಲರ ಮನೆಯ ಗೋಡೆಯಲ್ಲೂ ಮೈಗನ್ನಡಿ ತೂಗುತ್ತದೆ. ಅದರ ಮುಂದೆ ನಿಂತರೆ ಜ್ವರ, ರಕ್ತ, ನಾಡಿ ಎಲ್ಲವನ್ನೂ ಹೇಳುತ್ತದೆ, ಹೆಚ್ಚುಕಡಿಮೆಯಾದರೆ ತಾನೇ ಆಸ್ಪತ್ರೆಯವರನ್ನು ಕೂಗುತ್ತದೆ. ನಾನು ಚಿಕ್ಕವಳಿದ್ದಾಗ ಒಮ್ಮೆ ಬಿರುಗಾಳಿಗೆ ತಂತಿಗಳೆಲ್ಲ ಹರಿದು ಹತ್ತೊಂಬತ್ತು ದಿನ ಕನ್ನಡಿಗಳು ಕುರುಡಾದವು. ಆಗ ನಾಡಿ ಹಿಡಿದು ನೋಡಲು ಬರುವ ಡಾಕ್ಟರು ಇಡೀ ಜಿಲ್ಲೆಯಲ್ಲಿ ಇಬ್ಬರೇ ಇದ್ದರು. ಸತ್ತವರು ಬಹಳ. ಅಂದಿನಿಂದ ಈ ನೇಮ ಬಂತು. ಡಾಕ್ಟರಾಗಬೇಕೆನ್ನುವವರು ಮನೆಯ ಕನ್ನಡಿಗೆ ಬಟ್ಟೆ ಮುಚ್ಚಿ, ಸಾವಿರ ದಿನ, ಒಬ್ಬರದೇ ನಾಡಿಯನ್ನು, ದಿನವೂ ಬೆಳಗಿನ ಎಂಟು ಗಂಟೆಯೊಳಗೆ ಪೂರ್ತಿ ಒಂದು ನಿಮಿಷ ಬೆರಳಿನಿಂದ ಎಣಿಸಿ ಬರೆಯಬೇಕು. ಏಳು ದಿನ ಖಾಲಿ ಬಿಡಬಹುದು. ಎಂಟನೆಯದು ಖಾಲಿಯಾದರೆ ಮತ್ತೆ ಒಂದರಿಂದ ಶುರು. ಸಾವಿರ ತುಂಬಿದ ಮೇಲೆ, ಎಣಿಸಲು ಕೈ ಕೊಟ್ಟವರು ಒಬ್ಬರೇ ಹೋಗಿ ಮೂವರು ಗುರುಗಳ ಮುಂದೆ ಕೈಮಾತು ಕೊಡಬೇಕು: ಈ ಬೆರಳುಗಳು ದಿನವೂ ಬಂದವೇ, ಇಲ್ಲವೇ. ಅದಕ್ಕೆ ಹೌದು ಎಂದರೆ ವೈದ್ಯಶಾಲೆಯ ಬಾಗಿಲು ತೆರೆಯುತ್ತದೆ.

ನನಗೆ ಕೈ ಕೊಟ್ಟವಳು ಕಲ್ಲವ್ವ. ಆಗ ಅವಳಿಗೆ ಒಂಬತ್ತು, ಅದೊಂದು ಆಟದಂತಿತ್ತು. ಎಣಿಸುವಾಗ ಉಸಿರು ಬಿಗಿಹಿಡಿದು ನನ್ನನ್ನು ನಗಿಸುತ್ತಿದ್ದಳು. ಎರಡನೆಯ ವರ್ಷಕ್ಕೆ ಅದು ಹಲ್ಲುಜ್ಜುವ ಹಾಗೆ ಆಯಿತು. ಆ ಒಂದು ನಿಮಿಷವನ್ನು ಬಿಟ್ಟರೆ ಎಷ್ಟೋ ದಿನ ನಾನು ಅವಳನ್ನು ಮುಟ್ಟಿದ್ದೇ ಇಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಆರುನೂರ ಹನ್ನೆರಡನೆಯ ದಿನ ನನಗೆ ರಸಾಯನದ ಪರೀಕ್ಷೆ. ಪರೀಕ್ಷೆಗಳು ಬೆಳಿಗ್ಗೆ ಆರಕ್ಕೇ ಶುರು. ಮಗಳು ಮುಸುಕು ಹೊದ್ದು ಮಲಗಿದ್ದಳು, ಎಬ್ಬಿಸುವುದು ಬೇಡವೆಂದು ರೊಟ್ಟಿ ಮುಚ್ಚಿಟ್ಟು ಓಡಿದೆ. ಹಳಿಬಂಡಿಯಲ್ಲಿ ಕುಳಿತ ಮೇಲೆ ನಾಡಿಪುಸ್ತಕದ ನೆನಪಾಯಿತು. ಏಳು ಖಾಲಿಗಳೂ ಮುಗಿದಿದ್ದವು. ಗುಡ್ಡದಲ್ಲಿ ಗಾಳಿಗೆ ಸಿಕ್ಕಿಕೊಂಡು ಮೂರು, ನನಗೇ ಕಾಯಿಲೆಯಾಗಿ ಎರಡು, ಅವಳು ಸೋದರತ್ತೆಯ ಮನೆಗೆ ಹೋಗಿ ಎರಡು. ಹಿಂದಿನ ದಿನ ಎಂಬತ್ತೈದು, ಅದರ ಹಿಂದಿನ ದಿನ ಎಂಬತ್ತೇಳು ಇತ್ತು. ಎಂಬತ್ತಾರು ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಹನ್ನೊಂದರ ಹೊತ್ತಿಗೆ ಗುರವ್ವ ಮೊಸರು ಕೊಡಲು ಹೋದಾಗ ಮಗು ಅಡಿಗೆಮನೆಯ ನೆಲದ ಮೇಲೆ ನಡುಗುತ್ತ ಬಿದ್ದಿತ್ತಂತೆ. ಮೈ ಕೆಂಡ, ಮಾತು ತಪ್ಪಿತ್ತು. ಕನ್ನಡಿಗೆ ನಾನೇ ಬಟ್ಟೆ ಹಾಕಿದ್ದೆ, ಅದು ಯಾರನ್ನು ಕೂಗಬೇಕು? ಆ ಅರವತ್ತೆಂಟರ ಮುದುಕಿ ಒದ್ದೆ ಸೀರೆ ಹೊದಿಸಿ, ಮುಚ್ಚುಹೊತ್ತಿನ ಬಿಸಿಲಲ್ಲಿ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆದಳು. ಅಲ್ಲಿ ನಾಡಿ ನೂರ ಮೂವತ್ತೆಂಟು. ನಾನು ಪರೀಕ್ಷೆ ಮುಗಿಸಿ, ಚೆನ್ನಾಗಿ ಬರೆದೆನೆಂಬ ಖುಷಿಯಲ್ಲಿ ಒಂದು ಗ್ಲಾಸು ಕಬ್ಬಿನ ಹಾಲು ಕುಡಿದು ಮನೆಗೆ ಬಂದೆ. ತರಗತಿಗೆ ಮೂರನೆಯವಳಾದೆ. ಆ ಅಂಕಪಟ್ಟಿಯನ್ನು ನಾನು ಇಂದಿಗೂ ಯಾರಿಗೂ ತೋರಿಸಿಲ್ಲ.

ಮರುದಿನ ಆಸ್ಪತ್ರೆಯ ಮಂಚದ ಮೇಲೆ ಅವಳೇ ಪುಸ್ತಕ ಕೇಳಿ ತೆಗೆದುಕೊಂಡಳು. ಹಿಂದಿನ ದಿನದ ಸಾಲು ನೋಡಿದಳು. ಪುಸ್ತಕ ಮಡಚಿ ಕೊಟ್ಟು ಕೈ ಚಾಚಿದಳು. ಆಮೇಲಿನ ಮುನ್ನೂರ ಎಂಬತ್ತೆಂಟು ದಿನವೂ ನಾನು ಎಣಿಸಿದೆ, ಒಂದು ದಿನವೂ ತಪ್ಪಿಸದೆ. ಆ ಸಾಲಿನ ಬಗ್ಗೆ ನಾನೂ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ.

ಕೈಮಾತಿಗೆ ಒಂದು ವಾರ ಇರುವಾಗ ನಾನು ಮಾದಲಿ ಮಾಡಿದೆ. ಅವಳಿಗೆ ಪ್ರಾಣ. ಗೋಧಿ ಒಡೆಸಿ ಬೆಲ್ಲ ಹಾಕಿ ಅದನ್ನು ಮಾಡುವಷ್ಟು ಪುರುಸೊತ್ತು ನನಗೆ ಮೂರು ವರ್ಷದಲ್ಲಿ ಸಿಕ್ಕಿರಲಿಲ್ಲ, ಆ ವಾರ ಮಾತ್ರ ಎರಡು ಸಲ ಸಿಕ್ಕಿತು. ಹೊಸ ಚಪ್ಪಲಿಯೂ ಬಂತು. ಸುಳ್ಳು ಹೇಳು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ನಿಜ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಎನ್ನುವ ಮುಂಚೆಯೇ ನಾನು ಬೆಲ್ಲದ ಕೈ ಒರೆಸಿಕೊಳ್ಳುತ್ತಿದ್ದೆ. ಅವಳು ಎರಡನೆಯ ಸಲದ ಮಾದಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಕೈಮಾತಿನ ದಿನ ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಮೂವರು, ಹಿರಿಯರು ಮಾಬೂಬಿ ಮೇಡಂ, ನಾಡಿಯ ಪಾಠ ಹೇಳುವವರು. ಬಾಗಿಲು ಮುಚ್ಚಿದ್ದರೂ ಮೇಲಿನ ಗಾಳಿಕಿಂಡಿ ತೆರೆದಿತ್ತು. ದಿನವೂ ಬಂದಳೇ ಎಂದು ಅವರು ಕೇಳಿದ್ದು ಕೇಳಿಸಿತು. ಮಗಳ ದನಿ ಪಾಠ ಒಪ್ಪಿಸುವ ಹಾಗಿತ್ತು.

"ಬಿಟ್ಟಿದ್ದು ಏಳ ದಿನಾರಿ. ಉಳದದ್ದು ದಿನಾ ಎಣಿಸ್ಯಾಳ್ರಿ. ನನಗ ಜ್ವರಾ ಬಂದ ದಿನಾನೂ ಎಣಿಸ್ಯಾಳ್ರಿ."

ಜ್ವರದ ಮಾತನ್ನು ಯಾರೂ ಕೇಳಿರಲಿಲ್ಲ. ಅವಳು ಅದನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡು ಬಂದಿದ್ದಳೋ. ಹನ್ನೆರಡು ವರ್ಷದ ಹುಡುಗಿ ನೂರ ಮೂವತ್ತೆಂಟನ್ನು ನುಂಗಿಕೊಂಡು ಎಂಬತ್ತಾರಕ್ಕೆ ಸಾಕ್ಷಿ ನಿಂತಿದ್ದಳು. ನಾಳೆ ಈ ಬೆರಳುಗಳನ್ನು ನಾನು ಬೇರೆಯವರ ಮಗುವಿನ ಕೈಮೇಲೆ ಇಡಬೇಕು. ನನಗೆ ಕೂರಲು ಆಗಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

"ಆರುನೂರ ಹನ್ನೆರಡನೇ ದಿನ ನಾ ಎಣಿಸಿಲ್ರಿ," ಎಂದೆ. "ಹಳಿಬಂಡ್ಯಾಗ ಕುಂತು ಬರದೀನ್ರಿ. ಆಕೀದೇನೂ ತಪ್ಪಿಲ್ಲ."

ಮೇಡಂ ನನ್ನನ್ನು ನೋಡಲಿಲ್ಲ, ಕಲ್ಲವ್ವನನ್ನೇ ನೋಡಿದರು. ಪುಸ್ತಕಕ್ಕೆ ದಾರ ಸುತ್ತಿ ನನ್ನ ಕೈಗಿಟ್ಟರು.

"ಒಂದರಿಂದ ಸುರು ಮಾಡವಾ," ಎಂದರು. "ಆದರ ಕೈ ಕೊಡಾಕಿನ್ನ ಮೊದಲ ಕೇಳು."

ದಾರಿಯಲ್ಲಿ ಕಲ್ಲವ್ವ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನನಗಾಗಿ ಸುಳ್ಳು ಹೇಳಿದೆಯಲ್ಲ, ಬೇಡವಾಗಿತ್ತು ಎಂದು ನಾನು ಸಮಾಧಾನ ಹೇಳಹೋದೆ. ಅವಳು ನಿಂತು ತಿರುಗಿದಳು.

"ನಿನ್ನ ಸಲುವಾಗಿ ಹೇಳಿಲ್ಲ. ಮುಗದ ಹೋಗ್ಲಿ ಅಂತ ಹೇಳಿದ್ನಿ. ಇನ್ನ ಮತ್ತ ಮೂರು ವರ್ಷ ಅದನ್ನ?"

ನನ್ನ ಕನಸಿಗೆ ಅವಳು ಕೈ ಕೊಟ್ಟಿದ್ದಾಳೆ ಎಂದು ನಾನು ಹೆಮ್ಮೆಪಡುತ್ತಿದ್ದೆ. ಅವಳು ಮಾತ್ರ ಸಾವಿರ ದಿನ ಮುಗಿದು ತನ್ನ ಅವ್ವ ವಾಪಸು ಬರಲಿ ಎಂದು ಕಾಯುತ್ತಿದ್ದಳು.

ಮನೆಗೆ ಬಂದು ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿದೆ. ಕನ್ನಡಿಯ ಬಟ್ಟೆ ತೆಗೆದೆ. ಇಪ್ಪತ್ತೆರಡು ದಿನ ನಾನು ನಾಡಿ ಕೇಳಲಿಲ್ಲ, ಅವಳೂ ಕೊಡಲಿಲ್ಲ. ಆ ದಿನಗಳಲ್ಲಿ ನಾನು ನಿಮ್ಮ ಪುಸ್ತಕವನ್ನೇ ತಿರುವುತ್ತ ಕುಳಿತೆ. ಎಂಬತ್ತಮೂರನೆಯ ಪುಟದಲ್ಲಿ ಮೂತ್ರಪಿಂಡದ ಪಾಠ ಅರ್ಧಕ್ಕೆ ನಿಂತಿದೆ. ಕೆಳಗೆ ಬೇರೆ ಶಾಯಿಯಲ್ಲಿ ಎರಡು ಮಾತು: 'ಮಗುವಿಗೆ ಜ್ವರ. ನಾಳೆ ಓದಬೇಕು.' ಆಮೇಲೆ ಎಲ್ಲ ಹಾಳೆಗಳೂ ಖಾಲಿ. ನೀವು ಡಾಕ್ಟರಾದಿರಿ ಎಂದು ನಮ್ಮ ಮನೆಯಲ್ಲಿ ಕೆಲವರು ಹೇಳುತ್ತಾರೆ, ಕೊನೆಯವರೆಗೂ ಔಷಧದ ಅಂಗಡಿಯಲ್ಲೇ ಇದ್ದಿರಿ ಎಂದು ಇನ್ನು ಕೆಲವರು. ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಮಗುವಿಗೆ ಜ್ವರ ಬಂದ ದಿನ ನೀವು ಪುಸ್ತಕ ಮುಚ್ಚಿದಿರಿ, ನಾನು ಮುಸುಕು ಸರಿಸಿಯೂ ನೋಡಲಿಲ್ಲ. ನಿಮ್ಮ ಮೇಲೆ ಹೊಟ್ಟೆಕಿಚ್ಚಾಯಿತು. ಸಿಟ್ಟೂ ಬಂತು, ಆ ನಾಳೆ ಎಲ್ಲಿ ಹೋಯಿತು ಎಂದು.

ಈ ಬೆಳಿಗ್ಗೆ ರೊಟ್ಟಿ ತಿನ್ನುತ್ತಿದ್ದ ಕಲ್ಲವ್ವ ಎಡಗೈಯನ್ನು ನನ್ನ ಕಡೆ ಚಾಚಿ, ಅಂಗೈ ಮೇಲೆ ಮಾಡಿ ಇಟ್ಟಳು. ನನ್ನ ಮುಖ ನೋಡಲಿಲ್ಲ. ಕನ್ನಡಿಗೆ ಆಗಲೇ ಬಟ್ಟೆ ಬಿದ್ದಿತ್ತು, ಅವಳೇ ಹಾಕಿದ್ದಳು.

"ಪರೀಕ್ಷೆ ಇದ್ದ ದಿನ ನನ್ನ ಎಬ್ಬಿಸಬೇಕು," ಎಂದಳು. "ನಿದ್ದಿ ಹತ್ತಿದ್ರೂ ಎಬ್ಬಿಸಬೇಕು."

ಆಗಲಿ ಎಂದೆ. ಎರಡು ಸಲ ಲೆಕ್ಕ ತಪ್ಪಿತು, ಮೂರನೆಯ ಸಲ ಪೂರ್ತಿ ನಿಮಿಷ ಸಿಕ್ಕಿತು. ತೊಂಬತ್ತೆರಡು. ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಸಾವಿರ ತುಂಬುವಾಗ ನನಗೆ ನಲವತ್ತಾರಾಗಿರುತ್ತದೆ, ಅವಳಿಗೆ ಹದಿನೈದು. ಆಗ ಅವಳು ನನ್ನ ಬಗ್ಗೆ ಏನು ಹೇಳುತ್ತಾಳೋ ಹೇಳಲಿ.

ಈ ಪತ್ರವನ್ನು ನಿಮ್ಮ ಪುಸ್ತಕದ ಎಂಬತ್ತನಾಲ್ಕನೆಯ ಪುಟದಿಂದಲೇ ಬರೆಯುತ್ತ ಬಂದಿದ್ದೇನೆ, ಕೇಳದೆ ಹಾಳೆ ಬಳಸಿದ್ದಕ್ಕೆ ಬೈಯಬೇಡಿ. ನಿಮ್ಮಲ್ಲಿ ಒಂದೇ ಬೇಡಿಕೆ. ನೀವಿನ್ನೂ ಆ ಜ್ವರದ ದಿನದಲ್ಲಿದ್ದರೆ, ಮರುದಿನ ಒಂದು ಸಾಲು ಬರೆಯಿರಿ. ಓದಿದೆ ಎಂದಾದರೂ ಬರೆಯಿರಿ, ಇನ್ನು ಓದುವುದಿಲ್ಲ ಎಂದಾದರೂ ಬರೆಯಿರಿ. ಯಾವುದಾದರೂ ನನಗೆ ಸಾಕು, ಖಾಲಿ ಮಾತ್ರ ಬಿಡಬೇಡಿ.

ಮುಚ್ಚುಹೊತ್ತು ಶುರುವಾಗಿದೆ. ಗುರವ್ವನ ಮನೆಯ ಬಾಗಿಲೂ ಹಾಕಿತು. ಮಗಳು ಪಕ್ಕದಲ್ಲೇ ಲೆಕ್ಕ ಮಾಡುತ್ತಿದ್ದಾಳೆ. ಈಗಷ್ಟೇ ಹಣೆ ಮುಟ್ಟಿ ನೋಡಿದೆ, ಕೈ ತಳ್ಳಿದಳು. ಜ್ವರವಿಲ್ಲ. ಓದಲು ಕೂರುತ್ತೇನೆ.

ನಿಮ್ಮ,
ನೀಲಗಂಗಾ