ಎಲ್ಲರಿಗೂ ತೀಯಾ

ಜೂನ್ 9, ನಸುಕು

ಕೆಟ್ಟ ಕನಸು. ವಾರ್ಡಿನ ತುಂಬ ಮಕ್ಕಳು ಅಳುತ್ತಿವೆ, ನನಗೆ ಎರಡೂ ಕೈ ಇಲ್ಲ. ಹೆಡ್ ನರ್ಸ್ ಡೊನಾ ಇವನೀಸಿ ಬಾಗಿಲಲ್ಲಿ ನಿಂತು "ಕೈ ಇಲ್ಲದಿದ್ರೂ ನಡೆಯುತ್ತಲ್ಲ" ಅಂತ ಬರೆದುಕೊಳ್ಳುತ್ತಿದ್ದಾರೆ. ಎದ್ದವಳೇ ಮೊದಲು ಕೈ ನೋಡಿಕೊಂಡೆ. ಇವೆ.

ಕಾರಣ ಗೊತ್ತು. ಇವತ್ತಿನಿಂದ ಅಳತೆ ಶುರು. ಮಕ್ಕಳ ವಾರ್ಡಿನಲ್ಲಿ ನಮ್ಮ ಕೆಲಸ ಎಷ್ಟು ಭಾರ ಅಂತ ರಾಜಧಾನಿ ರೆಸಿಫಿಯ ಆರೋಗ್ಯ ಕಚೇರಿಯವರು ಲೆಕ್ಕ ಹಾಕುತ್ತಾರೆ. ಹಗುರ ಅಂತ ಬಂದರೆ ಒಬ್ಬರನ್ನು ತೆಗೆಯುತ್ತಾರೆ. ಕೊನೆಗೆ ಸೇರಿದವಳು ನಾನೇ.

ಅದೇ ದಿನ, ಸಂಜೆ

ಅಳತೆಯ ಹಾಳೆ ತುಂಬುವುದನ್ನು ನನಗೇ ಕೊಟ್ಟರು!

"ಡೊನಾ, ನಾನು ಅರ್ಧಕ್ಕೇ ಶಾಲೆ ಬಿಟ್ಟೋಳು. ಆಮೇಲೆ ರಾತ್ರಿ ಶಾಲೇಲಿ ಹೇಗೋ ಪಾಸಾಗಿದ್ದು..."

"ನಿನ್ನ ಅಕ್ಷರ ಓದೋಕಾದ್ರೂ ಆಗುತ್ತೆ ನಾಲ್ವಾ. ಜುರಾಂದಿರಂದು ಕೋಳಿ ಕೆದಕಿದ ಹಾಗಿದೆ. ಯಾವ ಮಗು, ಏನು ಮಾಡಿದ್ವಿ, ಊಟ ಸ್ನಾನಕ್ಕೆ ಜೊತೇಲಿ ಯಾರಿದ್ರು. ಅಷ್ಟು ಬರಿ. ಕಾದಂಬರಿ ಬರೀಬೇಡ."

ಜುರಾಂದಿರ್, ನನ್ನ ಜೊತೆಯ ನರ್ಸ್, ವಾರ್ಡಿನ ಆ ತುದಿಯಿಂದಲೇ ಕೂಗಿದ: "ನಂದು ಡಾಕ್ಟರ ಅಕ್ಷರ ಡೊನಾ, ಸಂಬಳ ಮಾತ್ರ ನರ್ಸಿಂದು!"

ಜೂನ್ 13

ನಿನ್ನೆ ಸಂತ ಆಂಟೋನಿಯೊನ ಹಬ್ಬಕ್ಕೆ ಬೀದಿಬೀದಿಯಲ್ಲಿ ಬೆಂಕಿ ಹಾಕಿದ್ದರು, ಇವತ್ತು ವಾರ್ಡು ಭರ್ತಿ. ಐದನೇ ಮಂಚಕ್ಕೆ ರುವಾನ್, ನಾಲ್ಕು ವರ್ಷ, ಮೊಣಕೈವರೆಗೆ ಸುಟ್ಟಿದೆ. ಅಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ರಜೆ ಇಲ್ಲ. ಬ್ಯಾಂಡೇಜ್ ಬದಲಿಸಲು ಒಬ್ಬರು ಹಿಡಿಯಬೇಕು, ಒಬ್ಬರು ಬಿಚ್ಚಬೇಕು, ಇನ್ನೊಬ್ಬರು ಹಾಡಬೇಕು. ಇರುವುದು ಇಬ್ಬರೇ. ಹಿಡಿದುಕೊಂಡೇ ನಾನು ಹಾಡಿದೆ. ಪಕ್ಕದ ಮಂಚದ ಹುಡುಗಿ ಕಿವಿ ಮುಚ್ಚಿಕೊಂಡಳು.

ರುವಾನ್ ಊಟಕ್ಕೆ ಅರ್ಧ ಗಂಟೆ. ಉಡದಂಥ ಹಟ. ತುತ್ತಿಗೊಂದು ಕಥೆ.

ಸಂಜೆ ಅವನಮ್ಮ ಬಂದು ಕೇಳಿದಳು, "ಯಾರು ಕಣೋ ಊಟ ಮಾಡ್ಸಿದ್ದು?"

"ತೀಯಾ!" ಅಂತ ನನ್ನ ಕಡೆ ಬೆರಳು ತೋರಿಸಿದ, ಚಿಕ್ಕಮ್ಮ ಅಂತ. ಎಷ್ಟು ಖುಷಿಯಾಯಿತು ಅಂದರೆ, ಹಾಳೆಯಲ್ಲಿ ಎಲ್ಲ ಮಕ್ಕಳ ಹೆಸರಿನ ಮುಂದೂ ಹಾಗೇ ಬರೆದೆ. ತೀಯಾ.

ಜೂನ್ 20

ಬಂತು. ಹಗುರ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅತ್ತೆ. ಜುರಾಂದಿರ್ ಕಾಫಿ ತಂದಿಟ್ಟು ಹೋದ. ಅವನು ತಮಾಷೆ ಮಾಡಲಿಲ್ಲ ಅಂತ ಇನ್ನೂ ಹೆದರಿಕೆಯಾಯಿತು.

ಅಷ್ಟರಲ್ಲಿ ಡೊನಾ ಇವನೀಸಿ ಕರೆದರು. ಕಚೇರಿಯ ಕಾಗದ ಅವರ ಮುಂದಿತ್ತು. ಮುಖ ಕೆಂಪಗೆ — ಬೈಯುತ್ತಾರೆ ಅಂದುಕೊಂಡೆ. ನಗು ತಡೆದುಕೊಳ್ಳುತ್ತಿದ್ದರು!

"ನಾಲ್ವಾ, ನಮ್ಮ ವಾರ್ಡಿನ ಒಂದೊಂದು ಮಗೂಗೂ ಒಬ್ಬೊಬ್ಬ ಚಿಕ್ಕಮ್ಮ ಬಂದು ಊಟ ಮಾಡಿಸಿ, ಸ್ನಾನ ಮಾಡಿಸಿ, ರಮಿಸಿ ಹೋಗ್ತಾಳಂತೆ. ನರ್ಸುಗಳಿಗೆ ಕೆಲಸಾನೇ ಇಲ್ವಂತೆ. ಈ ಚಿಕ್ಕಮ್ಮಂದಿರು ಯಾರಮ್ಮ? ನಾನೊಬ್ಬಳನ್ನೂ ನೋಡಿಲ್ಲ."

"ಅದು... ಅದು ನಾವು ಡೊನಾ. ಮಕ್ಕಳು ನಮ್ಮನ್ನ ತೀಯಾ ಅಂತಾವಲ್ಲ..."

"ಮಕ್ಕಳಿಗೆ ನಾವು ತೀಯಾನೇ ಕಣೇ. ಕಚೇರಿಯವರಿಗೆ ತೀಯಾ ಅಂದ್ರೆ ಅಮ್ಮನ ತಂಗಿ!"

ಜೂನ್ 21

ಜುರಾಂದಿರ್ ಬೆಳಿಗ್ಗೆಯಿಂದ "ಬಾರೇ ಚಿಕ್ಕಮ್ಮ, ಮಂಚ ಹಿಡಿ" ಅಂತಲೇ ಕರೆಯುತ್ತಿದ್ದಾನೆ. ಕರೆಯಲಿ. ಮಕ್ಕಳು ಮಲಗಿದ್ದಾಗ ಇಬ್ಬರೂ ಕೂತು, ಕಚೇರಿಗೆ ಮತ್ತೆ ಕಳಿಸಲು ಡೊನಾ ಕೊಟ್ಟ ಹಾಳೆಗಳನ್ನೆಲ್ಲ ತಿದ್ದಿದೆವು. ತೀಯಾ ಕಂಡಲ್ಲೆಲ್ಲ ಹೊಡೆದು ನರ್ಸ್ ಅಂತ ಬರೆದೆ. ಎಲ್ಲ ಕಡೆ ಕೆಂಪು ಗೆರೆ. ಒಂದೊಂದು ಗೆರೆ ಎಳೆದಂತೆಲ್ಲ ಎದೆ ಹಗುರ.

"ಇದನ್ನ ನಂಬ್ತಾರೇನೋ?"

"ನಂಬದಿದ್ರೆ ಇಲ್ಲಿಗೆ ಬಂದು ರುವಾನ್‌ಗೆ ಒಂದು ಹೊತ್ತು ಊಟ ಮಾಡಿಸ್ಲಿ. ಸಂಜೆಯೊಳಗೆ ಅವರೇ ಇನ್ನೂ ಮೂರು ನರ್ಸ್ ಕೇಳ್ತಾರೆ."

ಜೂನ್ 27, ಮಧ್ಯಾಹ್ನ

ಭಾರ! ಭಾರ! ಭಾರ!

ಡೊನಾ ಇವನೀಸಿ ಕಾಗದ ಮೇಲೆತ್ತಿ ಹಿಡಿದು ಕಾರಿಡಾರಿನಲ್ಲಿ ಓಡುತ್ತಾ ಬಂದರು — ಓಡುತ್ತಾ! ಯಾರನ್ನೂ ತೆಗೆಯುವುದಿಲ್ಲ. ಆಗಸ್ಟ್‌ಗೆ ಇನ್ನೊಬ್ಬರು ಸೇರುತ್ತಾರೆ. ನಾನು ಜುರಾಂದಿರನನ್ನು ತಬ್ಬಿಕೊಂಡೆ, ಅವನ ಜೇಬಿನ ಥರ್ಮಾಮೀಟರ್ ಮುರಿಯಿತು. "ಇದನ್ನೂ ಹಾಳೇಲಿ ಬರಿ" ಅಂದ. ಮಕ್ಕಳಿಗೆ ಏನೂ ತಿಳಿಯದಿದ್ದರೂ ಚಪ್ಪಾಳೆ. ರುವಾನ್ ಕಟ್ಟು ಹಾಕದ ಕೈಯಲ್ಲಿ ಮಂಚ ಬಡಿದ.

ಸಂಜೆ ಐದು

ರುವಾನ್‌ನನ್ನು ನೋಡಲು ಒಬ್ಬ ಹೆಂಗಸು ಬಂದಿದ್ದಳು, ಮುಸುಕಿನ ಜೋಳದ ಕಡುಬು ತಂದಿದ್ದಳು. ಕೇಳಿದೆ, ಯಾರಮ್ಮ ನೀವು ಅಂತ.

"ಇವನ ಅಮ್ಮನ ತಂಗಿ. ಹಿಂದಿನ ಭಾನುವಾರದ ಮುಂಚಿನ ಭಾನುವಾರ ಬಂದಿದ್ನಲ್ಲ, ನಾನೇ ಊಟ ಮಾಡಿಸ್ದೆ. ನೀವು ಕೂಡ ನೋಡಿ ನಕ್ರಿ!"

ಹೌದು, ನಕ್ಕಿದ್ದೆ. ಅವತ್ತು ತೀಯಾ ಅಂತ ಬರೆದೂ ಇದ್ದೆ. ಸರಿಯಾಗಿಯೇ ಬರೆದಿದ್ದೆ. ಆಮೇಲೆ ಅದನ್ನೂ ಹೊಡೆದು ನರ್ಸ್ ಮಾಡಿದ್ದೇನೆ... ಮಾಡಿದ್ದೇನಾ? ಸುಳ್ಳು ಲೆಕ್ಕ ಅಂತ ಇಡೀ ಕಾಗದವನ್ನೇ ವಾಪಸ್ ತೆಗೆದುಕೊಂಡರೆ?

ಕಚ್ಚಿದ ಕಡುಬನ್ನು ಹಾಗೇ ಪಕ್ಕಕ್ಕಿಟ್ಟೆ. ಡೊನಾ ಇವನೀಸಿ ಮನೆಗೆ ಹೋಗಿಯಾಯಿತು. ಫೋನ್ ಎತ್ತುತ್ತಿಲ್ಲ. ಅವರಿಗೆ ಕಳಿಸಬೇಕಾದದ್ದನ್ನು ಇಲ್ಲೇ ಮೊದಲು ಬರೆದು ನೋಡುತ್ತೇನೆ, ತಪ್ಪಾಗಬಾರದು —

ಡೊನಾ, ಐದನೇ ಮಂಚ, ಹದಿನೈದನೇ ತಾರೀಖು, ಮಧ್ಯಾಹ್ನದ ಊಟ. ಅದೊಂದನ್ನು ಮಾತ್ರ ದಯವಿಟ್ಟು ಇನ್ನೊಂದು ಸಲ ನೋಡಿ, ಅಲ್ಲಿ ಊಟ ಮಾಡಿಸಿದ್ದು ನಿಜವಾದ ತೀಯಾ.