ಅಪ್ಪನ ದನಿಗೆ ಎರಡನೇ ಪ್ರತಿ

ಅಣ್ಣನಿಗೆ,

ನಾವು ಕ್ಷೇಮ. ಕಂಪ್ಯೂಟರ್ ಮಾತ್ರ ಹೊಸ ಮದುಮಗನಂತಿದೆ: ಮೈಮೇಲೆ ಹೊಸ ಬಟ್ಟೆ, ತಲೆಯಲ್ಲಿ ಹಳೆಯ ನೆನಪೊಂದೂ ಇಲ್ಲ.

ಹೋದ ವಾರ ನೀನು ಮನೆಗೆ ಬಂದು ಆ ದೊಡ್ಡ ಅಪ್‌ಡೇಟ್ ಹಾಕಲು ಕೂತಾಗ, ಬ್ಯಾಕಪ್ ಆಯಿತೇ ಎಂದು ಕೇಳಿದ್ದೆ. "ಎಲ್ಲಾ ಆಗಿದೆ ಕಣೇ, ನಂಗೇ ಪಾಠ ಹೇಳ್ಬೇಡ" ಎಂದೆ ನೀನು. ಹೇಳುವವನು ನೀನು, ಕೇಳುವವಳು ನಾನು. ಇದು ನಮ್ಮ ಮನೆಯ ಕಾನೂನು.

ನಿನ್ನ ಬ್ಯಾಕಪ್ ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿತ್ತು. ಆಮೇಲೆ ನೀನು ಆ ಡಿಸ್ಕನ್ನೇ ಪೂರ್ತಿ ಅಳಿಸಿದೆ. ರಿಪೇರಿಯವರು ನಕ್ಕರು: "ಮನೆ ಕೆಡವೋಕ್ ಮುಂಚೆ ಸಾಮಾನೆಲ್ಲ ಅದೇ ಮನೆ ಅಟ್ಟಕ್ಕೆ ಏರಿಸಿದಾರಲ್ಲ ಮೇಡಂ!" ನಾನೂ ನಕ್ಕೆ. ಏನೂ ಮರಳಿ ಸಿಗುವುದಿಲ್ಲ ಎಂದು ಅವರು ಹೇಳಿದ್ದು ಆಮೇಲೆ.

ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋಗುತ್ತದೆಂದು ತಿಳಿದ ಮೇಲೆ ಅಪ್ಪ ಮಾತಾಡಿ ರೆಕಾರ್ಡ್ ಮಾಡಿಸಿದ್ದೆಲ್ಲ ಆ ಡಿಸ್ಕಿನಲ್ಲೇ ಇತ್ತು. ಈಗಲೂ ಸಂಜೆಯಾದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ತಮ್ಮ ಮಾತು ತಾವೇ ಕೇಳಲು. ಸ್ಪೀಕರ್ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದೇನೆ. ನಿನ್ನೆ ತಮ್ಮ ಪರ್ಸು ತಂದು, ಹೊಸದು ತಾ ಎಂದು ಸನ್ನೆ ಮಾಡಿ, ನನ್ನ ಮುಂದಿಟ್ಟರು.

ಒಂದು ಕೆಲಸ ಮಾಡು. ಆಪರೇಷನ್ನಿಗೆ ಮೊದಲು ಅಪ್ಪ ನಿನ್ನ ಫೋನಿಗೆ ಧ್ವನಿ ಸಂದೇಶ ಕಳಿಸುತ್ತಿದ್ದರು. ಬಲು ಉದ್ದವೆಂದು ನೀನು ಒಂದನ್ನೂ ತೆರೆಯುತ್ತಿರಲಿಲ್ಲ. ಅವರ ಫೋನು ಆಸ್ಪತ್ರೆಯಲ್ಲೇ ಕಳೆದುಹೋಯಿತು. ಇನ್ನು ಉಳಿದಿರುವುದು ನಿನ್ನ ಹತ್ತಿರ ಮಾತ್ರ. ಅಳಿಸಿರದಿದ್ದರೆ ಎಲ್ಲವನ್ನೂ ನನಗೆ ಕಳಿಸು. ಕೇಳಿಯೇ ಕಳಿಸಬೇಕೆಂದೇನಿಲ್ಲ.

ಇಷ್ಟೇ ವಿಷಯ,
ತಂಗಿ